ಕಂಪನಿ ರೈಫಲ್ ಮಾರೋದು ಬಿಟ್ರ ನಮಗೇನು? ಅಮೆರಿಕದ ಕೋಲ್ಟ್‌ನಿಂದ ನಮ್ಮ ಹಲಗಲಿ ತನಕ ಬಂದೂಕಿನ ಲೆಕ್ಕ

ಬಾಗಲಕೋಟೆ: ಚುನಾವಣೆ ದಿನಾಂಕ ಘೋಷಣೆ ಆತು ಅಂದ್ರ ಜಿಲ್ಲೆಯೊಳಗ ಒಂದು ಪ್ರಕಟಣೆ ಬರೋದು ಗ್ಯಾರಂಟಿ. ಲೈಸೆನ್ಸ್ ಇರುವವರು ತಮ್ಮ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು ಅನ್ನುವುದು ಅದರ ಸಾರ. ಬಾದಾಮಿ ಕಡೆಯ ರೈತ, ಹುನಗುಂದದ ನಿವೃತ್ತ ಸೈನಿಕ, ಇಳಕಲ್‌ನ ವ್ಯಾಪಾರಿ, ಎಲ್ಲರೂ ಬಟ್ಟೆ ಸುತ್ತಿದ ಬಂದೂಕು ಹಿಡಿದು ಠಾಣೆ ಮೆಟ್ಟಿಲು ಹತ್ತುತ್ತಾರೆ. ರಸೀದಿ ಇಸಕೊಂಡು ಬರಿಗೈಲಿ ವಾಪಸ್ ಬರುತ್ತಾರೆ. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರುತ್ತಾರೆ.

ಅಂದರೆ ನಮ್ಮಲ್ಲಿ ಜನರ ಕೈಯಲ್ಲಿ ಬಂದೂಕು ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸೋದು ಸರ್ಕಾರ. ಜಗತ್ತಿನಲ್ಲಿ ಇದಕ್ಕೆ ತದ್ವಿರುದ್ಧದ ಊರೂ ಇದೆ. ಅಲ್ಲಿ ಅದನ್ನು ಬಹುಮಟ್ಟಿಗೆ ನಿರ್ಧರಿಸೋದು ಪೇಟೆ. ಅಲ್ಲಿನ ಒಂದು ಹಳೇ ದೊಡ್ಡ ಕಂಪನಿ 2019ರಲ್ಲಿ ‘ಇನ್ನು ಸಾಮಾನ್ಯ ಜನರಿಗೆ ಈ ರೈಫಲ್ ಮಾಡೋದಿಲ್ಲ’ ಎಂದಿತು. ಆ ಸುದ್ದಿಯ ಹಿಂದೆ ಏನಿತ್ತು, ಅದಕ್ಕೂ ನಮ್ಮ ಜಿಲ್ಲೆಯ ಹೊಲದ ಬಂದೂಕಿಗೂ ಏನು ಸಂಬಂಧ, ನಿಮ್ಮ ಮನೆ ಅಟ್ಟದ ಮೇಲೆ ಅಜ್ಜನ ಕಾಲದ ಬಂದೂಕು ಇದ್ದರೆ ಇವತ್ತೇ ಏನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಕೋಲ್ಟ್ ಮಾಡಿದ್ದೇನು?

ಕೋಲ್ಟ್ ಅಂದರೆ ಸಣ್ಣ ಹೆಸರಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತ 1836ರಲ್ಲಿ ಶುರು ಮಾಡಿದ ವ್ಯವಹಾರ ಅದು. ಗುಂಡು ತುಂಬಿದ ಚಕ್ರ ತಿರುಗುವ ರಿವಾಲ್ವರ್ ಅನ್ನು ಜಗತ್ತಿನ ತುಂಬ ಹೆಸರುವಾಸಿ ಮಾಡಿದ್ದು ಅದೇ ಕಂಪನಿ. ಈಗ ಅದರ ಕಾರ್ಖಾನೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿದೆ.

1959ರಲ್ಲಿ ಈ ಕಂಪನಿ ಆರ್ಮಲೈಟ್ ಎಂಬ ಇನ್ನೊಂದು ಕಂಪನಿಯಿಂದ ‘ಎಆರ್-15’ ಎಂಬ ರೈಫಲ್‌ನ ಹಕ್ಕು ಖರೀದಿಸಿತು. ಆ ರೈಫಲ್‌ನಿಂದ ಎರಡು ಕವಲು ಹೊರಟವು. ಒಂದು, ಅಮೆರಿಕದ ಸೈನಿಕರು ವಿಯೆಟ್ನಾಂ ಯುದ್ಧದಲ್ಲಿ ಹಿಡಿದ ಎಂ-16. ಇನ್ನೊಂದು, ಅದೇ ಮಾದರಿಯಲ್ಲಿ ಸಾಮಾನ್ಯ ಜನರಿಗೆ ಅಂಗಡಿಯಲ್ಲಿ ಮಾರಿದ ಎಆರ್-15. ಸೈನ್ಯದ್ದರಲ್ಲಿ ಕುದುರೆ ಎಳೆದು ಹಿಡಿದರೆ ಸರಸರ ಗುಂಡು ಹಾರುತ್ತವೆ. ಜನರಿಗೆ ಮಾರಿದ್ದರಲ್ಲಿ ಒಮ್ಮೆ ಎಳೆದರೆ ಒಂದೇ ಗುಂಡು.

ಈ ಎಆರ್-15 ಅಮೆರಿಕದಲ್ಲಿ ಬರೀ ಬಂದೂಕಾಗಿ ಉಳಿದಿಲ್ಲ, ದೊಡ್ಡ ಜಗಳವಾಗಿದೆ. ಶಾಲೆ, ಮಾರುಕಟ್ಟೆ, ಸಂಗೀತ ಸಭೆಗಳಲ್ಲಿ ನಡೆದ ಹಲವು ಸಾಮೂಹಿಕ ಹತ್ಯೆಗಳಲ್ಲಿ ಈ ಮಾದರಿಯ ರೈಫಲ್ ಬಳಕೆಯಾಗಿದೆ. 2019ರ ಆಗಸ್ಟ್ ಮೊದಲ ವಾರದಲ್ಲಿ ಎಲ್ ಪಾಸೊ ಮತ್ತು ಡೇಟನ್ ನಗರಗಳಲ್ಲಿ ಒಂದರ ಹಿಂದೆ ಒಂದು ಗುಂಡಿನ ದಾಳಿ ನಡೆದವು. ಅದಾಗಿ ಒಂದೂವರೆ ತಿಂಗಳಿಗೆ, ಸೆಪ್ಟೆಂಬರ್ 19ರಂದು, ಜನರಿಗೆ ಮಾರುವ ಎಆರ್-15 ತಯಾರಿಕೆ ನಿಲ್ಲಿಸುತ್ತೇವೆ ಎಂದು ಕೋಲ್ಟ್ ಹೇಳಿತು.

ಸುದ್ದಿ ಓದಿದ ಬಹಳ ಜನ ‘ಕಂಪನಿಗೆ ಮನಸ್ಸಾಕ್ಷಿ ಚುಚ್ಚಿತು’ ಅಂದುಕೊಂಡರು. ಬಂದೂಕು ಪ್ರಿಯರು ‘ಒತ್ತಡಕ್ಕೆ ಮಣಿದರು’ ಎಂದು ಸಿಟ್ಟಾದರು. ಕಂಪನಿ ಕೊಟ್ಟ ಕಾರಣ ಮಾತ್ರ ಬೇರೆ. ಪೇಟೆಯಲ್ಲಿ ಈ ಮಾದರಿಯ ರೈಫಲ್ ಮಾಡುವವರು ಬಹಳ ಆಗಿದ್ದಾರೆ, ಬೇಡಿಕೆಗಿಂತ ತಯಾರಿಕೆ ಹೆಚ್ಚಾಗಿದೆ. ಇತ್ತ ಸೈನ್ಯ ಮತ್ತು ಪೊಲೀಸರ ದೊಡ್ಡ ದೊಡ್ಡ ಆರ್ಡರ್ ಕೈಯಲ್ಲಿವೆ, ರೈಫಲ್ ತಯಾರಿಸುವ ನಮ್ಮ ಸಾಮರ್ಥ್ಯವೆಲ್ಲ ಅದಕ್ಕೇ ಹೋಗುತ್ತಿದೆ. ಪಿಸ್ತೂಲ್, ರಿವಾಲ್ವರ್ ಮಾರಾಟ ಮುಂದುವರಿಸುತ್ತೇವೆ. ಇಷ್ಟೇ ಅದರ ಮಾತು.

ಇಳಕಲ್ ಮಗ್ಗದ ಲೆಕ್ಕದಲ್ಲಿ ನೋಡೋಣ

ಇಳಕಲ್‌ನಲ್ಲಿ ಒಬ್ಬ ನೇಕಾರರ ಮನೆಯಲ್ಲಿ ನಾಲ್ಕು ಮಗ್ಗ ಇವೆ ಅಂದುಕೊಳ್ಳಿ. ಟೋಪ್ ತೆನೆ ಸೆರಗಿನ ಸೀರೆ ನೇಯ್ದು ಅಂಗಡಿಗೆ ಕೊಡುತ್ತಾರೆ. ನೋಡನೋಡುತ್ತ ಅಂಥದೇ ಸೀರೆಯನ್ನು ಪವರ್‌ಲೂಮ್‌ನವರು ಅಗ್ಗಕ್ಕೆ ರಾಶಿ ಹಾಕಿದರು. ಅಂಗಡಿಯವರು ದರ ಇಳಿಸು ಅಂತ ಕುಂತರು. ಅದೇ ಹೊತ್ತಿಗೆ ಹೊರಗಿನಿಂದ ಒಬ್ಬರು ಬಂದು ‘ವರ್ಷಪೂರ್ತಿ ನೀವು ನೇಯ್ದಿದ್ದನ್ನೆಲ್ಲ ನಾವೇ ತಗೋತೀವ್ರಿ, ಮುಂಗಡ ಹಿಡೀರಿ’ ಅಂದರು. ಆಗ ನೇಕಾರರು ಏನು ಮಾಡುತ್ತಾರೆ? ನಾಲ್ಕೂ ಮಗ್ಗ ಆ ಆರ್ಡರ್‌ಗೆ ಹಚ್ಚುತ್ತಾರೆ. ಅಂಗಡಿಯವರು ಕೇಳಿದರೆ ‘ಸದ್ಯಕ್ಕ ಆಗೂದಿಲ್ರಿ’ ಅನ್ನುತ್ತಾರೆ. ಸೀರೆ ಉಡುವವರ ಮೇಲಿನ ಸಿಟ್ಟಿಗೆ ಮಾಡಿದ್ದಲ್ಲ ಅದು, ಮಗ್ಗ ಇರೋದೇ ನಾಲ್ಕು.

ಕೋಲ್ಟ್ ಮಾಡಿದ್ದೂ ಇದನ್ನೇ. ಆ ಕಂಪನಿಗೆ ದೊಡ್ಡ ಗಿರಾಕಿ ಕೈಬಿಟ್ಟರೆ ಏನಾಗುತ್ತದೆ ಎಂಬ ಅನುಭವವೂ ಇತ್ತು. 2013ರಲ್ಲಿ ಅಮೆರಿಕ ಸೈನ್ಯದ ಎಂ-4 ರೈಫಲ್ ಗುತ್ತಿಗೆ ಬೇರೊಂದು ಕಂಪನಿ ಪಾಲಾಯಿತು. 2015ರ ಜೂನ್‌ನಲ್ಲಿ ಕೋಲ್ಟ್ ದಿವಾಳಿ ಅರ್ಜಿ ಹಾಕಿತು. ಹೇಗೋ ಚೇತರಿಸಿಕೊಂಡ ಮೇಲೆ ಸರ್ಕಾರಿ ಆರ್ಡರ್ ಬಂದಾಗ ಅದನ್ನು ಗಟ್ಟಿ ಹಿಡಿಯಿತು.

ಹಾಗಾದರೆ ಅಮೆರಿಕದಲ್ಲಿ ರೈಫಲ್ ಕಡಿಮೆಯಾದವೇ? ಇಲ್ಲ. ಎಆರ್-15ರ ಪೇಟೆಂಟ್ ಅವಧಿ 1977ರಲ್ಲೇ ಮುಗಿದಿತ್ತು. ಆಮೇಲೆ ಯಾರು ಬೇಕಾದರೂ ಆ ಮಾದರಿ ಮಾಡಬಹುದಾಗಿತ್ತು, ಹತ್ತಾರು ಕಂಪನಿಗಳು ಮಾಡಿದವು ಕೂಡ. ಕೋಲ್ಟ್ ಬಿಟ್ಟ ಜಾಗವನ್ನು ಅವು ತುಂಬಿದವು. ಅಷ್ಟೇ ಅಲ್ಲ, 2020ರಲ್ಲಿ ಅಮೆರಿಕದಲ್ಲಿ ಬಂದೂಕಿನ ಬೇಡಿಕೆ ಜಿಗಿದಾಗ ಕೋಲ್ಟ್ ಕೂಡ ಮತ್ತೆ ಜನರಿಗೆ ರೈಫಲ್ ಮಾರಲು ಬಂತು. 2021ರಲ್ಲಿ ಆ ಕಂಪನಿಯನ್ನೇ ಝೆಕ್ ದೇಶದ ಬಂದೂಕು ಕಂಪನಿಯೊಂದು ಕೊಂಡುಕೊಂಡಿತು.

ಇಲ್ಲಿಂದ ಒಂದು ಮಾತು ಸ್ಪಷ್ಟ. ಕಂಪನಿ ಒಂದು ಪೇಟೆ ಬಿಡುವುದು ಲಾಭದ ಲೆಕ್ಕ. ಲೆಕ್ಕ ಬದಲಾದರೆ ಮತ್ತೆ ಬರುತ್ತದೆ. ಕಾನೂನು ಹಾಗಲ್ಲ. ಕಾನೂನಿನಿಂದ ಕೈಬಿಟ್ಟ ಬಂದೂಕು ಸುಲಭಕ್ಕೆ ವಾಪಸ್ ಬರುವುದಿಲ್ಲ. ಇದು ಯಾರಿಗೆ ಗೊತ್ತಿರಲಿ ಬಿಡಲಿ, ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಹಲಗಲಿಯವರು ಕೇಳಿದ ಪ್ರಶ್ನೆ

ಮುಧೋಳ ತಾಲ್ಲೂಕಿನ ಹಲಗಲಿ ಹೆಸರು ಶಾಲೆಗೆ ಹೋದ ಮಕ್ಕಳಿಗೆಲ್ಲ ಗೊತ್ತು. ಹಲಗಲಿ ಬೇಡರ ಲಾವಣಿಯನ್ನು ಪಠ್ಯದಲ್ಲಿ ಓದಿದವರು, ಜಾತ್ರೆಯಲ್ಲಿ ಕೇಳಿದವರು ಬಹಳ. ಆ ಹೋರಾಟ ಶುರುವಾದದ್ದು ಭೂಮಿಗಾಗಿ ಅಲ್ಲ, ತೆರಿಗೆಗಾಗಿ ಅಲ್ಲ. ಆಯುಧಕ್ಕಾಗಿ.

1857ರಲ್ಲಿ ಉತ್ತರದಲ್ಲಿ ಸಿಪಾಯಿಗಳ ದಂಗೆ ಎದ್ದಿತ್ತು. ಹೆದರಿದ ಬ್ರಿಟಿಷರು ಆ ವರ್ಷವೇ ಜನರ ಕೈಯಲ್ಲಿದ್ದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಆಯುಧ ಇದ್ದವರು ಅದನ್ನು ಬರೆಸಬೇಕು, ಅನುಮತಿ ಇಲ್ಲದ್ದನ್ನು ಒಪ್ಪಿಸಬೇಕು. ಆಗ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಆದರೂ ಅಲ್ಲಿ ಈ ಆಜ್ಞೆ ಬಂತು. ಬೇಟೆ, ಕಾವಲು ಮಾಡಿಕೊಂಡಿದ್ದ ಬೇಡರಿಗೆ ಆಯುಧ ಅಂದರೆ ಅನ್ನ, ಆಯುಧ ಅಂದರೆ ಮಾನ. ಕೊಡೋದಿಲ್ಲ ಅಂದರು. ಜಡಗ, ಬಾಲ, ಹನುಮ, ರಾಮ ಎಂಬವರ ಹೆಸರು ಲಾವಣಿಯಲ್ಲಿ ಉಳಿದಿವೆ. ನವೆಂಬರ್ ಕೊನೆಗೆ ಬ್ರಿಟಿಷ್ ದಂಡು ಹಲಗಲಿಯನ್ನು ಮುತ್ತಿತು. ಊರು ಸುಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು.

ಅದೇ ಕಾಯ್ದೆ, ಅದೇ ಕಾಲ, ಕನ್ನಡದ ಇನ್ನೊಂದು ಮೂಲೆಯಲ್ಲಿ ಬೇರೆ ಫಲ ಕೊಟ್ಟಿತು. ದಂಗೆಯ ಹೊತ್ತಿನಲ್ಲಿ ಕೊಡಗಿನವರು ತಮ್ಮ ಕಡೆ ಇದ್ದರು ಎಂದು ಬ್ರಿಟಿಷರು ಅವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. 1861ರಲ್ಲಿ ಆ ಘೋಷಣೆ ಮಾಡಿದವರು ಆಗಿನ ಕಮಿಷನರ್ ಮಾರ್ಕ್ ಕಬ್ಬನ್. ಆ ವಿನಾಯಿತಿ ಇವತ್ತಿಗೂ ಇದೆ. ಕೊಡವರು ಮತ್ತು ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಒಂದು ಕಡೆ ಕೋವಿಗೆ ಪೂಜೆ, ಇನ್ನೊಂದು ಕಡೆ ಬಂದೂಕಿಗಾಗಿ ಗಲ್ಲು. ಎರಡಕ್ಕೂ ಕಾರಣ ಕಾರ್ಖಾನೆ ಅಲ್ಲ, ಆಳುವವರ ನಂಬಿಕೆ-ಅಪನಂಬಿಕೆ.

ಮುಂದೆ 1878ರ ಶಸ್ತ್ರ ಕಾಯ್ದೆ ಇನ್ನೂ ಬಿಗಿ ಮಾಡಿತು. ಇಟ್ಟುಕೊಳ್ಳಲು ಮಾತ್ರವಲ್ಲ, ತಯಾರಿಸಲು, ಮಾರಲೂ ಲೈಸೆನ್ಸ್ ಬೇಕಾಯಿತು. ಊರ ಕಮ್ಮಾರ ನಳಿಗೆ ಬಡಿದು ಬಂದೂಕು ಮಾಡಿಕೊಡುವ ಕಾಲ ಕಾನೂನಿನ ಲೆಕ್ಕದಲ್ಲಿ ಮುಗಿಯಿತು. ಜನರಿಗೆ ಬಂದೂಕು ಮಾಡುವವರು ಪೇಟೆ ಬಿಟ್ಟದ್ದು ನಮ್ಮಲ್ಲಿ ಹೀಗೆ. ಲಾಭ ಇಲ್ಲ ಅಂತ ಬಿಟ್ಟದ್ದಲ್ಲ, ಬಿಡಿಸಿದ್ದು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಈಗಿರುವುದು ಅದೇ, ತಿದ್ದುಪಡಿಗಳ ಸಮೇತ.

ನಮ್ಮಲ್ಲಿ ರೈಫಲ್ ಯಾರ ಹತ್ತಿರ ಇದೆ?

ಮಾತಿನಲ್ಲಿ ನಾವು ಎಲ್ಲದಕ್ಕೂ ಬಂದೂಕು ಅಂತೀವಿ. ಕಾನೂನಿನಲ್ಲಿ ಹಾಗಲ್ಲ. ನಳಿಗೆಯ ಒಳಗೆ ಸುರುಳಿ ಗೆರೆ ಇದ್ದರೆ ಅದು ರೈಫಲ್. ಆ ಗೆರೆ ಗುಂಡನ್ನು ತಿರುಗಿಸಿ ಬಿಡುತ್ತದೆ, ಹಾಗಾಗಿ ದೂರಕ್ಕೆ ನೆಟ್ಟಗೆ ಹೋಗುತ್ತದೆ. ಒಳಗೆ ನುಣುಪಾಗಿದ್ದರೆ ಅದು ಸಾದಾ ನಳಿಗೆ ಬಂದೂಕು. ಅದರಲ್ಲಿ ಚರೆ ಹಾರುತ್ತವೆ, ಹತ್ತಿರಕ್ಕಷ್ಟೇ ಕೆಲಸ. ಬಾಗಲಕೋಟೆಯಲ್ಲಿ ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರರ ಹೆಗಲ ಮೇಲೆ ಸಾಮಾನ್ಯವಾಗಿ ಕಾಣುವುದು ಈ ಎರಡನೆಯದು, 12 ಬೋರ್. ಒಂದು ನಳಿಗೆಯದು, ಇಲ್ಲವೇ ಜೋಡು ನಳಿಗೆಯದು.

ರೈತರಿಗೆ ಕಾನೂನು ಹೇಳುವುದು ಇನ್ನೂ ಹಳೆಯ ಮಾದರಿ. ಬೆಳೆ ರಕ್ಷಣೆಗೆ ಎಂದು ಲೈಸೆನ್ಸ್ ಕೇಳಿದರೆ 1959ರ ಕಾಯ್ದೆಯ 13ನೇ ಸೆಕ್ಷನ್ ಮೊದಲು ಕೊಡುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಸಾದಾ ನಳಿಗೆ ಬಂದೂಕು ಕೊಡಬಹುದು. ರೈಫಲ್ ಮಾತೇ ಅಲ್ಲಿಲ್ಲ. ಇನ್ನು ಕೋಲ್ಟ್ ಎಆರ್-15 ಅಂಥದ್ದು ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವ ವಸ್ತುವೇ ಅಲ್ಲ. ಅದು ನಿಷೇಧಿತ ಬೋರ್‌ನ ಸಾಲಿಗೆ ಬರುತ್ತದೆ. ಹೊರದೇಶದ ಬಂದೂಕು ತರಿಸಿಕೊಳ್ಳುವುದಕ್ಕೂ 1980ರ ದಶಕದಿಂದ ಜನಸಾಮಾನ್ಯರಿಗೆ ಬಾಗಿಲು ಮುಚ್ಚಿದೆ. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ರಿಯಾಯಿತಿ.

ಹಾಗಾಗಿ ‘ಕೋಲ್ಟ್ ಬಿಟ್ಟರೆ ನಮಗೇನು’ ಎಂಬ ಪ್ರಶ್ನೆಗೆ ನೇರ ಉತ್ತರ: ಏನೂ ಇಲ್ಲ. ಆದರೆ ಕೋಲ್ಟ್‌ನ ಲೆಕ್ಕ ನಮ್ಮ ಕಾರ್ಖಾನೆಗಳಿಗೂ ಅನ್ವಯಿಸುತ್ತದೆ. ಅಲ್ಲಿ ನಮಗೆ ಸಂಬಂಧ ಇದೆ.

ನಮ್ಮ ಬಂದೂಕು ಮಾಡುವವರು ಯಾರು?

ಜನಸಾಮಾನ್ಯರಿಗೆ ಸಿಗುವ ರೈಫಲ್ ಅಂದರೆ ದಶಕಗಳಿಂದ ಸರ್ಕಾರಿ ಕಾರ್ಖಾನೆಯ .315 ಬೋರ್ ರೈಫಲ್. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ಹೆಸರು ಅದರ ಜೊತೆ ಅಂಟಿಕೊಂಡಿದೆ. ಈ .315 ಎಂಬ ವಿಚಿತ್ರ ಅಳತೆ ಯಾಕೆ? ಬ್ರಿಟಿಷರ ಸೈನ್ಯದ ರೈಫಲ್ .303. ಅದರ ತೋಟೆ ಜನರ ಕೈಗೆ ಸಿಗಬಾರದು, ಜನರ ತೋಟೆ ಆ ರೈಫಲ್‌ಗೆ ಕೂರಬಾರದು ಎಂದು ಬೇರೆ ಅಳತೆ ಇಟ್ಟರು. 1857ರ ಹೆದರಿಕೆಯ ನೆರಳು ನೂರು ವರ್ಷ ದಾಟಿ ನಳಿಗೆಯ ಅಳತೆಯಲ್ಲೂ ಉಳಿದಿದೆ ನೋಡ್ರಿ.

12 ಬೋರ್ ಬಂದೂಕುಗಳನ್ನು ಬಿಹಾರದ ಮುಂಗೇರ್, ಜಮ್ಮು ಕಡೆಯ ಸಣ್ಣ ಖಾಸಗಿ ಘಟಕಗಳೂ ಲೈಸೆನ್ಸ್ ಪಡೆದು ಮಾಡುತ್ತ ಬಂದಿವೆ. ತೋಟೆಯ ವಿಷಯದಲ್ಲಿ ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ‘ಶಕ್ತಿಮಾನ್’ ಹೆಸರು ಹಳೇ ಬಂದೂಕುದಾರರ ಬಾಯಲ್ಲಿ ಇವತ್ತಿಗೂ ಇದೆ.

2021ರ ಅಕ್ಟೋಬರ್ 1ರಂದು ಒಂದು ದೊಡ್ಡ ಬದಲಾವಣೆ ಆಯಿತು. ಎರಡು ಶತಮಾನದ ಇತಿಹಾಸದ ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿಯನ್ನು ವಿಸರ್ಜಿಸಿ ಕೇಂದ್ರ ಸರ್ಕಾರ ಏಳು ಕಂಪನಿ ಮಾಡಿತು. ಬಂದೂಕಿನ ಕಾರ್ಖಾನೆಗಳು ಕಾನ್ಪುರ ಕೇಂದ್ರಿತ ಅಡ್ವಾನ್ಸ್‌ಡ್ ವೆಪನ್ಸ್ ಆಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಹೋದವು. ಗುಂಡು-ಮದ್ದಿನ ಕಾರ್ಖಾನೆಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾಕ್ಕೆ ಹೋದವು. ಮೊದಲು ಇಲಾಖೆ ಇದ್ದದ್ದು ಈಗ ಕಂಪನಿ. ಕಂಪನಿ ಅಂದ ಮೇಲೆ ಆರ್ಡರ್ ಹುಡುಕಬೇಕು, ಲಾಭ ತೋರಿಸಬೇಕು.

ದೊಡ್ಡ ಆರ್ಡರ್ ಎಲ್ಲಿದೆ? ಸೈನ್ಯದಲ್ಲಿ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ರಷ್ಯಾ ಸಹಯೋಗದ ಕಾರ್ಖಾನೆ 6 ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್ ಮಾಡಿಕೊಡಲು 2021ರ ಡಿಸೆಂಬರ್‌ನಲ್ಲಿ ಒಪ್ಪಂದ ಆಯಿತು. ಅದಕ್ಕೂ ಮೊದಲು 2019ರಲ್ಲಿ ಸೈನ್ಯ 72,400 ರೈಫಲ್‌ಗಳನ್ನು ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ ತರಿಸಿತ್ತು. ನಮ್ಮ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಕಂಪನಿ ದೂರದ ಗುರಿಯ ಸ್ನೈಪರ್ ರೈಫಲ್ ವಿನ್ಯಾಸ ಮಾಡಿದೆ. ಅದರ ಕಣ್ಣೂ ಸೈನ್ಯ, ಪೊಲೀಸ್ ಪಡೆಗಳ ಮೇಲೆ.

ಈ ಸಾಲಿನಲ್ಲಿ ಹುನಗುಂದದ ರೈತನ ಒಂದು ಬಂದೂಕು, ವರ್ಷಕ್ಕೆ ಹತ್ತಿಪ್ಪತ್ತು ತೋಟೆ ಎಲ್ಲಿ ನಿಲ್ಲುತ್ತದೆ? ಕೊನೆಗೆ. ಸರ್ಕಾರಿ ಕಾರ್ಖಾನೆಗಳು ಜನರಿಗೆ ಮಾರುವುದನ್ನು ಬಿಟ್ಟಿಲ್ಲ. ಆದರೆ ಕೋಲ್ಟ್ ಕಲಿಸುವ ಪಾಠ ಏನೆಂದರೆ, ಕೈ ತುಂಬ ದೊಡ್ಡ ಆರ್ಡರ್ ಇದ್ದಾಗ ಸಣ್ಣ ಗಿರಾಕಿ ಕಾಯಬೇಕು. ಅಮೆರಿಕದಲ್ಲಿ ಒಂದು ಅಂಗಡಿ ಮುಚ್ಚಿದರೆ ಪಕ್ಕದ್ದು ಇದೆ. ನಮ್ಮಲ್ಲಿ ಇರುವ ಅಂಗಡಿಗಳೇ ಬೆರಳೆಣಿಕೆ.

ಹಂದಿ, ಹೊಲ, ಕರೆಂಟ್ ತಂತಿ

ಮಲಪ್ರಭಾ ದಂಡೆಯ ಕಬ್ಬು, ಬಾದಾಮಿ ಗುಡ್ಡದ ಅಂಚಿನ ಶೇಂಗಾ, ಹುನಗುಂದದ ಎರೆ ಹೊಲದ ಜೋಳ, ಕಡಲೆ. ರಾತ್ರಿ ಕಾವಲು ಮಾಡಿದವರಿಗೆ ಗೊತ್ತು, ಹಂದಿ ಹಿಂಡು ಹೊಕ್ಕರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ‘ಬಂದೂಕ ಇದ್ರ ಒಂದು ಗುಂಡು ಹಾರಿಸಿ ಓಡಸ್ತಿದ್ದಿವ್ರಿ’ ಎನ್ನುವ ಮಾತು ಕಟ್ಟೆ ಮೇಲೆ ಕುಂತರೆ ಕೇಳುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಬೆಳೆ ರಕ್ಷಣೆ ಲೈಸೆನ್ಸ್ ಇದೆ ಎಂದು ಹಂದಿ ಹೊಡೆದರೆ ಕೇಸ್ ಆಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಬೆಳೆಗೆ ಅಪಾಯ ತಂದ ಕಾಡುಹಂದಿಯಂಥ ಪ್ರಾಣಿಯನ್ನು ಕೊಲ್ಲಲು ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ನವಿಲು, ಕೃಷ್ಣಮೃಗ ಒಂದನೇ ಪಟ್ಟಿಯ ಪ್ರಾಣಿಗಳು. ಬೆಳೆ ತಿಂದವು ಎಂಬ ಕಾರಣಕ್ಕೆ ಅವುಗಳ ಮೇಲೆ ಗುಂಡು ಹಾರಿಸುವಂತಿಲ್ಲ. ಜೀವಕ್ಕೇ ಅಪಾಯ ಬಂದಾಗ ಆತ್ಮರಕ್ಷಣೆಗೆ ಮಾಡಿದ್ದು ಮಾತ್ರ ಅಪರಾಧವಲ್ಲ.

ಬೀಳಗಿ, ಮುಧೋಳ ಭಾಗದವರಿಗೆ ಇನ್ನೊಂದು ಮಾತು. ಅಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ. ಅದೇ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಧಾಮದಿಂದ 10 ಕಿ.ಮೀ. ಒಳಗೆ ವಾಸಿಸುವ ಬಂದೂಕು ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್‌ಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ಬಂದೂಕು ಸಿಗದ ರೈತ ಮಾಡುವ ಅತಿ ಕೆಟ್ಟ ಕೆಲಸ ಯಾವುದು ಗೊತ್ತೇ? ಲೈನಿಗೆ ಕೊಕ್ಕೆ ಹಾಕಿ ಹೊಲದ ಸುತ್ತ ಬರಿ ತಂತಿ ಎಳೆಯುವುದು. ತಂತಿಗೆ ಹಂದಿ ಯಾವುದು, ನೀರು ಬಿಡಲು ಬಂದ ಪಕ್ಕದ ಹೊಲದವನು ಯಾರು ಎಂದು ಗೊತ್ತಾಗುವುದಿಲ್ಲ. ಸ್ವಂತ ಮನೆಯವರೇ ತುಳಿದು ಸತ್ತ ಸುದ್ದಿಗಳನ್ನು ರಾಜ್ಯದ ಬೇರೆ ಬೇರೆ ಕಡೆಯಿಂದ ಓದುತ್ತಲೇ ಇರುತ್ತೇವೆ. ಹಣ್ಣಿನೊಳಗೆ ಸಿಡಿಮದ್ದು ಇಡುವುದೂ ಅಷ್ಟೇ, ಬಾಯಿ ಹಾಕುವುದು ದನ, ಎಮ್ಮೆ. ಇವೆರಡೂ ಜೈಲಿನ ದಾರಿ. ಅದರ ಬದಲು ಸೋಲಾರ್ ಬೇಲಿ ಇದೆ. ಅದು ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಹಾಳಾದ ದಿನವೇ ಫೋಟೊ ತೆಗೆದು, ಪಹಣಿ ಹಿಡಿದು ವಲಯ ಅರಣ್ಯ ಕಚೇರಿಗೆ ಹೋಗಿ. ಅರಣ್ಯ ಸಹಾಯವಾಣಿ ಸಂಖ್ಯೆ 1926.

ಅಟ್ಟದ ಮೇಲಿನ ಅಜ್ಜನ ಬಂದೂಕು: ಪ್ರಶ್ನೆ, ಉತ್ತರ

ಈ ಲೇಖನದಲ್ಲಿ ಬೇರೆ ಏನು ಓದದಿದ್ದರೂ ಇದನ್ನು ಓದಿ. ಯಾಕೆಂದರೆ ಸಭ್ಯ ಕುಟುಂಬಗಳು ಗೊತ್ತಿಲ್ಲದೇ ಕೇಸ್‌ಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ.

*ಲೈಸೆನ್ಸ್ ಇದ್ದ ತಂದೆ ತೀರಿಕೊಂಡರು. ಬಂದೂಕು ಮನೆಯಲ್ಲೇ ಇದೆ. ತಪ್ಪೇನು?*
ಲೈಸೆನ್ಸ್ ಇದ್ದದ್ದು ತಂದೆ ಹೆಸರಿಗೆ. ಅವರು ಹೋದ ಮೇಲೆ ಆ ಬಂದೂಕು ನಿಮ್ಮ ಮನೆಯಲ್ಲಿ ಇದ್ದರೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡಂತೆ. ತಡ ಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಡಿ, ರಸೀದಿ ಇಸಕೊಳ್ಳಿ. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ.

*ತಂದೆ ಇದ್ದಾರೆ, ವಯಸ್ಸಾಗಿದೆ. ಈಗಲೇ ನನ್ನ ಹೆಸರಿಗೆ ಆಗುತ್ತದೆಯೇ?*
ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಆ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಅವರು ಹೆಸರಿಸಿದ ವಾರಸುದಾರರು ಅರ್ಜಿ ಹಾಕಬಹುದು. ಅವರು ಬದುಕಿದ್ದಾಗಲೇ ಮಾಡಿಸಿದರೆ ಮುಂದಿನ ಓಡಾಟ ಉಳಿಯುತ್ತದೆ. ಅರ್ಜಿದಾರರಿಗೆ 21 ವರ್ಷ ಆಗಿರಬೇಕು.

*ಲೈಸೆನ್ಸ್ ಎಷ್ಟು ವರ್ಷಕ್ಕೆ?*
2019ರ ತಿದ್ದುಪಡಿ ಬಳಿಕ 5 ವರ್ಷ. ಮೊದಲು 3 ವರ್ಷ ಇತ್ತು. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣದ ಕೆಲಸ ಹಚ್ಚಿಕೊಳ್ಳಿ. ಅವಧಿ ಮುಗಿದ ಮೇಲೆ ಬಂದೂಕು ಮನೆಯಲ್ಲಿದ್ದರೆ ಮತ್ತೆ ಮೊದಲಿನ ಪ್ರಶ್ನೆಯೇ.

*ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು?*
ಒಬ್ಬರ ಹೆಸರಿಗೆ ಎರಡು. ಮೊದಲು ಮೂರು ಇತ್ತು, 2019ರಲ್ಲಿ ಎರಡಕ್ಕೆ ಇಳಿಸಿದರು.

*ಅರ್ಜಿ ಎಲ್ಲಿ?*
ಸಾಮಾನ್ಯ ಬೋರ್‌ನ ಬಂದೂಕಿಗೆ ಅಧಿಕಾರ ಇರುವುದು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ನವನಗರದ ಜಿಲ್ಲಾಧಿಕಾರಿ ಕಚೇರಿ. ಪೊಲೀಸ್ ವರದಿ ಬರಬೇಕು. ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ದಾಖಲೆಯನ್ನೂ ಕೇಳುತ್ತಾರೆ. ಲೈಸೆನ್ಸ್‌ಗೆ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಸಂಖ್ಯೆ ಇರಬೇಕು. ಹಳೇ ಕೈಬರಹದ ಪುಸ್ತಕ ಮಾತ್ರ ಇದ್ದರೆ ಕಚೇರಿಯಲ್ಲಿ ವಿಚಾರಿಸಿ.

*ಅರ್ಜಿ ತಿರಸ್ಕರಿಸಿದರೆ?*
ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಇದೆ. ಅದಕ್ಕೆ ಕಾಲಮಿತಿ ಇರುತ್ತದೆ, ಕೂತಲ್ಲೇ ಕೂರಬೇಡಿ.

*ಏರ್‌ಗನ್‌ಗೂ ಲೈಸೆನ್ಸ್ ಬೇಕೇ?*
ನಳಿಗೆ 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದಿದ್ದರೆ ಬೇಡ. ಅದಕ್ಕಿಂತ ಹೆಚ್ಚಿದ್ದರೆ ಬೇಕು. ಕೊಳ್ಳುವಾಗ ಡಬ್ಬಿ ಮೇಲೆ ಬರೆದದ್ದನ್ನು ಓದಿ, ಬಿಲ್ ಇಟ್ಟುಕೊಳ್ಳಿ.

*ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿದರೆ?*
ಲೈಸೆನ್ಸ್ ಇದ್ದರೂ ಅಪರಾಧ. ಜೀವಕ್ಕೆ ಅಪಾಯವಾಗುವಂತೆ ಹಾರಿಸಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

*ಲೈಸೆನ್ಸ್ ಇಲ್ಲದ ನಾಡ ಬಂದೂಕು, ಕಂಟ್ರಿ ಪಿಸ್ತೂಲ್?*
ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷ, ಜೀವಾವಧಿ ತನಕವೂ ಆಗಬಹುದು.

*ಚುನಾವಣೆಯಲ್ಲಿ ಎಲ್ಲರೂ ಠೇವಣಿ ಇಡಲೇಬೇಕೇ?*
ಯಾರ ಬಂದೂಕು ಪಡೆಯಬೇಕು ಎಂಬುದನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ನೋಡಬೇಕು ಎಂದು ಚುನಾವಣಾ ಆಯೋಗದ ಸೂಚನೆ ಇದೆ. ಬೆಳೆ ಕಾವಲಿಗೆ ಅಗತ್ಯ ಇದ್ದರೆ ಕಾರಣ, ದಾಖಲೆ ಸಮೇತ ವಿನಾಯಿತಿಗೆ ಅರ್ಜಿ ಕೊಡಿ. ಆದೇಶ ಬಂದ ಮೇಲೆ ಮಾತ್ರ ಪಾಲಿಸಬೇಕು. ಇಡುವಾಗ ಬಂದೂಕಿನ ನಂಬರ್ ರಸೀದಿಯಲ್ಲಿ ಸರಿಯಾಗಿ ಬರೆದಿದೆಯೇ ನೋಡಿಕೊಳ್ಳಿ.

ಕೊನೆಗೆ

ಕೋಲ್ಟ್ 2019ರಲ್ಲಿ ಬಾಗಿಲು ಹಾಕಿ 2020ರಲ್ಲಿ ತೆರೆಯಿತು. ಪೇಟೆಯ ಬಾಗಿಲು ಹಾಗೆಯೇ. ಹಲಗಲಿಯಲ್ಲಿ 1857ರಲ್ಲಿ ಹಾಕಿದ ಬಾಗಿಲು ಇವತ್ತಿಗೂ ಅರ್ಧ ಮುಚ್ಚಿಯೇ ಇದೆ. ಅದು ಸರಿಯೇ, ತಪ್ಪೇ ಎಂದು ಊರೂರಿಗೆ ಒಂದೊಂದು ಅಭಿಪ್ರಾಯ ಇರಬಹುದು. ಬಂದೂಕು ಕಡಿಮೆ ಇರುವುದರಿಂದಲೇ ನಮ್ಮ ಮಕ್ಕಳು ಹೆದರಿಕೆ ಇಲ್ಲದೆ ಶಾಲೆಗೆ ಹೋಗುತ್ತಿದ್ದಾರೆ ಎನ್ನುವವರೂ ಇದ್ದಾರೆ. ರಾತ್ರಿ ಹೊಲದಲ್ಲಿ ಒಬ್ಬನೇ ಕುಂತವನ ಕಷ್ಟ ಯಾರಿಗೆ ಗೊತ್ತು ಎನ್ನುವವರೂ ಇದ್ದಾರೆ. ಎರಡೂ ಸುಳ್ಳಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಕೆಲಸ ಒಂದೇ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಟ್ರಂಕ್ ತೆರೆದು ಆ ಲೈಸೆನ್ಸ್ ಪುಸ್ತಕ ತೆಗೀರಿ. ಯಾರ ಹೆಸರಿಗೆ ಐತಿ, ಯಾವ ತಾರೀಖಿನ ತನಕ ಐತಿ, ನೋಡ್ರಿ. ತಾರೀಖು ದಾಟಿದ್ದರೆ, ಹೆಸರಿನವರು ಈಗ ಇಲ್ಲ ಅಂದರೆ, ನಾಳೆ ಬೆಳಿಗ್ಗೆ ಮೊದಲ ಕೆಲಸ ಠಾಣೆಗೆ ಹೋಗುವುದು.